ನಡುರಾತ್ರಿಯ ಕಿರಣಗಳು



ಈಚೆಗೆ ಉಡುಪಿ ಸಮೀಪದ ಹೂಡೆಯಲ್ಲಿ, ಕಡಲಿಗೆ ಕೂಗಳತೆಯಲ್ಲಿರುವ ಭಕ್ತರೊಬ್ಬರ ಮನೆಯಲ್ಲಿ ತಂಗಿದ್ದೆನು. ರಾತ್ರಿ ಪ್ರಸಾದವಾದ ಬಳಿಕ ಆ ಮನೆಯ ತಾಯಿಯವರು ಮೊಬೈಲಿಗೆ ಬಂದ ಸಂದೇಶವೊಂದನ್ನು ತೋರಿಸಿ, “ಶಾಸ್ತ್ರಿಗಳೇ, ಈ ನಡುರಾತ್ರಿ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವಂತೆ. ಫೋನನ್ನು ತಲೆಯ ಬಳಿ ಇಟ್ಟುಕೊಳ್ಳಬಾರದಂತೆ. ನಿಜವೇ?” ಎಂದು ಕೇಳಿದರು. ಮಕ್ಕಳಿನ್ನೂ ಹೆದರಿ ಎಚ್ಚರವಾಗಿಯೇ ಇದ್ದರು.

“ತಾಯಿ, ಅಂಗೈಯನ್ನು ಚಾಚಿರಿ” ಎಂದೆನು. “ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಆ ಕಿರಣಗಳ ಸಂತಾನವಾದ ಮ್ಯುಯಾನ್ ಎಂಬ ಕಣ ಈ ಕೈಯನ್ನು ಹಾದುಹೋಗುತ್ತಲೇ ಇದೆ. ನೀವು ಹುಟ್ಟಿದಂದಿನಿಂದಲೂ ಹೀಗೆಯೇ.”

ವಿಶ್ವಕಿರಣಗಳಲ್ಲಿ ಹೆಚ್ಚಿನವು ಸೌರಮಂಡಲದ ಹೊರಗಿನಿಂದ ಬರುವಂಥವು. ಅವು ವಾಯುಮಂಡಲಕ್ಕೆ ಬಡಿದಾಗ ಮ್ಯುಯಾನುಗಳು ಹುಟ್ಟಿ ನೆಲಕ್ಕೆ ಸುರಿಯುತ್ತವೆ. ಸೂರ್ಯನಿಗೂ ಈ ಮಳೆಗೂ ವಿಚಿತ್ರ ನಂಟು. ಸುಮಾರು 11 ವರ್ಷಗಳಿಗೊಮ್ಮೆ ಸೂರ್ಯನಲ್ಲಿ ಕಲೆಗಳು ಹೆಚ್ಚಿ ಅವನು ಉಗ್ರನಾದಾಗ, ಅವನಿಂದ ಹರಡುವ ಕಾಂತಕ್ಷೇತ್ರವು ಹೊರಗಿನ ಕಿರಣಗಳನ್ನು ತಡೆಯುತ್ತದೆ. ನೆಲದ ಮೇಲೆ ಎಣಿಕೆ ಕುಗ್ಗುತ್ತದೆ. ಸೌರಸ್ಫೋಟದ ಮೋಡವು ಭೂಮಿಯನ್ನು ಆವರಿಸಿದಾಗಲಂತೂ ಕೆಲವೇ ಗಂಟೆಗಳಲ್ಲಿ ಎಣಿಕೆ ಇಳಿದು, ಕೆಲವು ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ.

ಇದನ್ನು ಎಣಿಸುವ ಕಾಯಕದಲ್ಲಿ ಕನ್ನಡ ನಾಡಿಗೂ ಪಾಲುಂಟು. ನಂಜನಗೂಡಿನಲ್ಲಿ ಜನಿಸಿದ ವಿಜ್ಞಾನಿ ಬಿ. ವಿ. ಶ್ರೀಕಂಠನ್ ಅವರು 1951ರಲ್ಲಿಯೇ ಕೋಲಾರದ ಚಿನ್ನದ ಗಣಿಯ ಆಳಕ್ಕಿಳಿದು ಮ್ಯುಯಾನುಗಳನ್ನು ಅಳೆದರು. ನಮ್ಮ ಗಡಿಯಾಚೆ, ನೀಲಗಿರಿಯ ಊಟಿಯಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಕೇಂದ್ರವಿದೆ. ಅಲ್ಲಿ 6 ಮೀಟರ್ ಉದ್ದದ 3,712 ಉಕ್ಕಿನ ಕೊಳವೆಗಳು ಕಾಂಕ್ರೀಟಿನಡಿ ಸಾಲುಗಟ್ಟಿ ಹಗಲಿರುಳು ಎಣಿಸುತ್ತವೆ.

2015ರ ಜೂನ್ 22ರ ರಾತ್ರಿ ಅಲ್ಲಿ ಅಪೂರ್ವ ಘಟನೆಯೊಂದು ದಾಖಲಾಯಿತು. ಸೌರಮೋಡವೊಂದು ಬಡಿದು ಭೂಮಿಯ ಕಾಂತರಕ್ಷೆಯೇ ತುಸು ಸಡಿಲವಾದುದರಿಂದ, ಎಂದಿನಂತೆ ಕುಗ್ಗಬೇಕಾದ ಎಣಿಕೆ ಏರಿತು. ಏರಿಕೆ ಸುಮಾರು ಎರಡು ಗಂಟೆಗಳ ಕಾಲ ಉಳಿಯಿತು. ಆಗ ನಮ್ಮಲ್ಲಿ ನಡುರಾತ್ರಿ. ನಾಡೆಲ್ಲ ನಿದ್ರಿಸುತ್ತಿತ್ತು, ತಿಳಿದದ್ದು ಎಣಿಸುತ್ತಿದ್ದವರಿಗೆ ಮಾತ್ರ.

ಹಾಗೆಂದು ಸೌರಬಿರುಗಾಳಿ ಕ್ಷುಲ್ಲಕವಲ್ಲ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತ್ಯವು ಅದರಿಂದ ಸುಮಾರು 9 ಗಂಟೆ ವಿದ್ಯುತ್ತಿಲ್ಲದೆ ಕಳೆಯಿತು. ಎಚ್ಚರ ಬೇಕಾದುದು ವಿದ್ಯುಜ್ಜಾಲಕ್ಕೆ, ಉಪಗ್ರಹಗಳಿಗೆ. ದಿಂಬಿನ ಬಳಿಯ ಫೋನಿಗಲ್ಲ.

ತಾಯಿಯವರು ನಕ್ಕು ದೀಪವಾರಿಸಿದರು. ಮಕ್ಕಳು ಮಾತ್ರ ಅಂಗೈ ಚಾಚಿಕೊಂಡು ಎಣಿಸುತ್ತ ನಿದ್ರೆ ಹೋದರು. ಮುಂದಿನ ಬಾರಿ ಅಂಥ ಸಂದೇಶ ಬಂದಾಗ ತಾವೂ ಅದನ್ನು ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಕ್ಷಣಕಾಲ ವಿಚಾರಿಸಿರಿ.