ಅಭ್ಯಾಸಿಯೋ, ಬಿಟ್ಟಿ ಆಳೋ?

1924ರ ಜೂನ್ ತಿಂಗಳಲ್ಲಿ, ಆಗ ಜರ್ಮನಿಗೆ ಸೇರಿದ್ದ ಕೋಬರ್‌ವಿಟ್ಸ್ ಗ್ರಾಮದಲ್ಲಿ, ರುಡಾಲ್ಫ್ ಸ್ಟೈನರರು ಮಾಡಿದ 8 ಉಪನ್ಯಾಸಗಳಿಂದ ಹುಟ್ಟಿದ ಬಯೋಡೈನಮಿಕ್ ಬೇಸಾಯವು, 1990ರ ದಶಕದಲ್ಲಿ ನ್ಯೂಜಿಲೆಂಡಿನ ಪೀಟರ್ ಪ್ರಾಕ್ಟರರ ಪ್ರಯತ್ನದಿಂದ ನಮ್ಮ ದೇಶದಲ್ಲಿಯೂ ಪ್ರಚಾರಕ್ಕೆ ಬಂದಿತು. ತರುಣರನ್ನು ಹೊಲದಲ್ಲಿಯೇ ಇರಿಸಿಕೊಂಡು, ಬಿತ್ತನೆಯಿಂದ ಸುಗ್ಗಿಯವರೆಗೆ ದುಡಿಸುತ್ತ ಕಲಿಸುವ ಈ ಪಂಥದವರ ಕ್ರಮವು ಶ್ಲಾಘ್ಯವಾದುದು. ದಡದಲ್ಲಿ ನಿಂತು ಈಜು ಕಲಿತವರುಂಟೆ?

ಆದರೆ ಎರಡು ಮಾತುಗಳನ್ನು ನಾವು ಹೇಳಲೇಬೇಕಾಗಿದೆ. ಸ್ವಿಟ್ಜರ್ಲೆಂಡಿನಲ್ಲಿ 1978ರಲ್ಲಿ ಆರಂಭವಾದ ಪ್ರಯೋಗದ ಮೊದಲ 21 ವರ್ಷಗಳಲ್ಲಿ, ಸಾವಯವ ಹಾಗೂ ಬಯೋಡೈನಮಿಕ್ ಹೊಲಗಳ ಇಳುವರಿಯು ನೂರಕ್ಕೆ ಸುಮಾರು 20ರಷ್ಟು ಕಡಿಮೆಯಾದರೂ ಮಣ್ಣಿನ ಜೀವಸತ್ತ್ವವು ಹೆಚ್ಚಾಗಿ ಕಂಡಿತು. ಇದು ಪರೀಕ್ಷೆಗೆ ನಿಂತ ಸಂಗತಿ. ಸಗಣಿ ತುಂಬಿ ಹೂಳಿದ ಹಸುವಿನ ಕೊಂಬಿಗೂ ಚಂದ್ರನ ಗತಿಗೂ ಆರೋಪಿಸುವ ಮಹಿಮೆಯಾದರೋ ಹಾಗೆ ಸಿದ್ಧಪಟ್ಟುದಲ್ಲ. ಸಿದ್ಧವಾದುದಾವುದು, ನಂಬಿಕೆಯಾವುದು ಎಂಬುದನ್ನು ಶಿಷ್ಯನಿಗೆ ಬಿಡಿಸಿ ಹೇಳುವುದು ಗುರುವಿನ ಧರ್ಮ.

ಎರಡನೆಯದು ಇನ್ನೂ ಮುಖ್ಯವಾದುದು. ಗೊಬ್ಬರದ ರಾಶಿಯನ್ನು ಮಗುಚಿಸುವುದು ಕೆಲಸ. ಅದು ಏಕೆ ಬಿಸಿಯೇರುವುದೆಂದು ತಿಳಿಸುವುದು ವಿದ್ಯೆ. ವಿದ್ಯೆಯಿಲ್ಲದೆ ಕೆಲಸವನ್ನಷ್ಟೇ ಪಡೆದರೆ ಅದು ಬಿಟ್ಟಿಯೇ ಸರಿ. ಸಂಬಳವಿಲ್ಲದೆ ವರ್ಷಗಟ್ಟಲೆ ಕಲಿಯಬಲ್ಲವನು ಸಿರಿವಂತನ ಮಗನೇ ಹೊರತು ಬಡ ಒಕ್ಕಲಿಗನ ಮಗನಲ್ಲ. ಭೂಮಿಯನ್ನು ಉಳುವವನೇ ಈ ವಿದ್ಯೆಗೆ ಹೊರಗಾದ ಮೇಲೆ ಅದು ಯಾರ ಉದ್ಧಾರಕ್ಕೆ?

ನಮ್ಮ ಸರಕಾರವು 2004ರಲ್ಲಿಯೇ ಸಾವಯವ ಕೃಷಿನೀತಿಯನ್ನು ಸಾರಿತು. ನೀತಿಯು ಕಾಗದದಿಂದ ಹೊಲಕ್ಕೆ ಇಳಿಯಬೇಕಾದರೆ ಕಲಿತ ಕೈಗಳು ಬೇಕು. ಬರೆಹದ ಕರಾರು, ಊಟ ವಸತಿಗಳೊಡನೆ ಮಾಸಿಕ ವೇತನ, ಪಾಠಕ್ಕೆ ಗೊತ್ತಾದ ವೇಳೆ, ಕೊನೆಯಲ್ಲಿ ಪರೀಕ್ಷೆ: ಇವಿಲ್ಲದ ಯಾವ ತೋಟಕ್ಕೂ ಶಿಕ್ಷಣಕೇಂದ್ರವೆಂಬ ಹೆಸರು ಸಲ್ಲದೆಂದು ಅಧಿಕಾರಿವರ್ಗದವರು ನಿಯಮಿಸತಕ್ಕದ್ದು.