ಸಾಮು ಕಲಿಸುವವನೂ ಮೇಷ್ಟ್ರೇ



ನಮ್ಮ ಎಮ್ಮಿಗನೂರಿನಲ್ಲಿ ನೀಲಕಂಠೇಶ್ವರ ಸ್ವಾಮಿಯ ಜಾತ್ರೆ ಬಂತೆಂದರೆ ಎಲ್ಲರ ಬಾಯಲ್ಲೂ ಎತ್ತುಗಳದ್ದೇ ಮಾತು. ಬಂಡೆ ಎಳೆಯುವ ಪಂದ್ಯಕ್ಕೆ ಎತ್ತು ತಯಾರು ಮಾಡುವವರನ್ನು ನೀವೂ ನೋಡಿರುತ್ತೀರಿ. ಒಂದೇ ದಿನಕ್ಕೆ ದೊಡ್ಡ ಬಂಡೆ ಕಟ್ಟುವುದಿಲ್ಲ. ಮೊದಲು ಸಣ್ಣ ಭಾರ, ಆಮೇಲೆ ಸ್ವಲ್ಪ ಹೆಚ್ಚು, ನಡುವೆ ವಿಶ್ರಾಂತಿ, ಹೊತ್ತಿಗೆ ಸರಿಯಾಗಿ ಹುರುಳಿ, ಹಿಂಡಿ. ಎತ್ತಿಗೆ ಇಷ್ಟೆಲ್ಲ ಲೆಕ್ಕ ಇಡುವ ನಾವು ನಮ್ಮ ಮೈಗೆ, ನಮ್ಮ ಮಕ್ಕಳ ಮೈಗೆ ಯಾವ ಲೆಕ್ಕ ಇಟ್ಟಿದ್ದೇವೆ?

ಈ ಪ್ರಶ್ನೆ ಬರಲು ಕಾರಣವಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಬಳ್ಳಾರಿಯ ಜಿಮ್ ಒಂದರಲ್ಲಿ ತರಬೇತುದಾರ. ಒಬ್ಬೊಬ್ಬರನ್ನೇ ಪಕ್ಕದಲ್ಲಿ ನಿಂತು ತಯಾರು ಮಾಡುವ ಕೆಲಸ. ಅವನು ಆ ಕೆಲಸಕ್ಕೆ ಸೇರಿದಾಗ ಮನೆಯ ಹಿರಿಯರು, "ಇಷ್ಟು ಓದಿದ್ದು ಕಬ್ಬಿಣ ಎತ್ತೋಕೇನಪ್ಪಾ?" ಎಂದರಂತೆ. ನನ್ನ ಅಭಿಪ್ರಾಯ ಬೇರೆ. ಅದು ತೋಳು ತೋರಿಸುವ ಕೆಲಸವಲ್ಲ, ಪಾಠ ಹೇಳುವ ಕೆಲಸ. ಚೆನ್ನಾಗಿ ಮಾಡಿದರೆ ನಮ್ಮ ಕೆಲಸಕ್ಕಿಂತ ಒಂದು ಗುಂಜಿಯೂ ಕಡಿಮೆಯಲ್ಲ.

ಅವನು ಹೇಳಿದ ಒಂದು ಉದಾಹರಣೆ ಕೇಳಿ. ಐವತ್ತು ದಾಟಿದ ಗೃಹಿಣಿಯೊಬ್ಬರು ಬಂದರು. ಸಕ್ಕರೆ ಕಾಯಿಲೆ, ಮೊಣಕಾಲು ನೋವು. ವೈದ್ಯರು ವ್ಯಾಯಾಮ ಮಾಡಿ ಎಂದಿದ್ದರು. ಮೊದಲು ಹೋಗಿದ್ದ ಕಡೆ ಎಲ್ಲ ಇಂಗ್ಲಿಷಿನ ಮಾತು, ಗದ್ದಲ, ಅವಸರ. ವಾರಕ್ಕೇ ಬಿಟ್ಟಿದ್ದರು. ಇವನು ಯಾವ ಯಂತ್ರವನ್ನೂ ಮುಟ್ಟಿಸಲಿಲ್ಲ. ಒಂದು ಕುರ್ಚಿ ಹಾಕಿ, "ಅಮ್ಮಾ, ಕೂತು ಏಳಿ. ಏಳುವಾಗ ಉಸಿರು ಬಿಡಿ" ಎಂದ. ಮೊದಲ ದಿನ ಐದು ಸಲ. ಎರಡು ವಾರಕ್ಕೆ ಹತ್ತು. ಆಮೇಲೆ ಕೈಗೆ ಒಂದೊಂದು ಲೀಟರ್ ನೀರಿನ ಬಾಟಲಿ. ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು ಎಂದ. ಮೂರು ತಿಂಗಳಾದ ಮೇಲೆ ಆ ತಾಯಿ ಕೈ ಊರದೆ ನೆಲದಿಂದ ಎದ್ದರು. "ಸಾರ್, ನಾನೇನೂ ಹೊಸದು ಕೊಡಲಿಲ್ಲ. ಅವರ ಕಾಲಲ್ಲೇ ಇದ್ದ ಶಕ್ತೀನ ಅವರಿಗೆ ತೋರಿಸಿದೆ ಅಷ್ಟೇ" ಎಂದ ಹುಡುಗ!

ಟಿ.ಸಿ.ಎಚ್. ಓದುವಾಗ ನಮಗೆ ಕಲಿಸಿದ ಸೂತ್ರ ನೆನಪಿದೆಯೇ? ತಿಳಿದದ್ದರಿಂದ ತಿಳಿಯದ್ದಕ್ಕೆ, ಸರಳದಿಂದ ಸಂಕೀರ್ಣಕ್ಕೆ. ಅವನು ಮಾಡಿದ್ದು ಅದನ್ನೇ. ಜೊತೆಗೆ ಅವನ ಬಂಡವಾಳ ಏನು ಗೊತ್ತೇ? ಮೀನಖಂಡ, ಸೊಂಟ, ಪಕ್ಕೆ, ಹಿಮ್ಮಡಿ ಎನ್ನುವ ಮಾತುಗಳು. ಎಲ್ಲಿ ಎಳೆಯುತ್ತದೆ, ಎಲ್ಲಿ ಚುಚ್ಚುತ್ತದೆ ಎಂದು ಮನುಷ್ಯ ತನ್ನ ಭಾಷೆಯಲ್ಲೇ ಸರಿಯಾಗಿ ಹೇಳಬಲ್ಲ. ಗಡಿಯ ನಮ್ಮ ಮಕ್ಕಳಿಗೆ ಕನ್ನಡವೂ ಬರುತ್ತದೆ, ತೆಲುಗೂ ಬರುತ್ತದೆ. ಕನ್ನಡ ಓದಿದರೆ ಏನು ಸಿಗುತ್ತದೆ ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ಇದು ಹೊಸ ವೃತ್ತಿಯೂ ಅಲ್ಲ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳನ್ನು ಬರೆದ ಕೆ.ವಿ. ಅಯ್ಯರ್ ಅವರನ್ನು ನಾವು ಸಾಹಿತಿ ಎಂದಷ್ಟೇ ಮಕ್ಕಳಿಗೆ ಹೇಳುತ್ತೇವೆ. ಆದರೆ ಅವರ ಕಸುಬು ಅಂಗಸಾಧನೆ ಕಲಿಸುವುದು! ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. 1930ರಲ್ಲಿ 'ಮಸಲ್ ಕಲ್ಟ್' ಎಂಬ ಇಂಗ್ಲಿಷ್ ಪುಸ್ತಕ ತಂದರು. ಸೂರ್ಯನಮಸ್ಕಾರವನ್ನೂ ಭಾರ ಎತ್ತುವುದನ್ನೂ ಜೋಡಿಸಿದರು. ದೂರದೂರಿನವರಿಗೆ ಅಂಚೆಯ ಮೂಲಕ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ನಮ್ಮ ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ಅವರನ್ನು 'ಕಲಿಯುಗ ಭೀಮ' ಎಂದು ಹೊಗಳುತ್ತೇವೆ. ಸರ್ಕಸ್ ಕಟ್ಟಿ ಹೆಸರು ಮಾಡುವ ಮೊದಲು ಅವರು ವಿಜಯನಗರಂ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ಗರಡಿಮನೆಯ ವಸ್ತಾದ ಮಾಡಿದ್ದೂ ಇದೇ. ಸಾಮು ಎಂಬ ಮಾತು ಕನ್ನಡದಲ್ಲೂ ಇದೆ, ತೆಲುಗಿನಲ್ಲೂ ಇದೆ. ಗಡಿ ಬಂದದ್ದು ಆಮೇಲೆ.

"ಹೊಲದಲ್ಲಿ, ಮಗ್ಗದಲ್ಲಿ ದುಡಿಯೋರಿಗೆ ಸಾಮು ಯಾಕೆ ಸಾರ್?" ಎಂದು ಪಾಲಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ದುಡಿಮೆ ಮೈಯನ್ನು ಒಂದೇ ಕಡೆ ತೇಯುತ್ತದೆ. ಮಗ್ಗದ ಗುಂಡಿಯಲ್ಲಿ ಕಾಲಿಳಿಸಿ ದಿನವಿಡೀ ಮುಂದಕ್ಕೆ ಬಾಗುವವರಿಗೆ ಬೆನ್ನನ್ನು ಹಿಂದಕ್ಕೆ ಬಿಡಿಸುವವರು ಯಾರು? ಸಾಮು ಎಂದರೆ ದುಡಿಮೆಯ ಮೇಲೆ ಇನ್ನೊಂದು ದುಡಿಮೆಯಲ್ಲ. ದುಡಿಮೆ ಬಿಟ್ಟ ಭಾಗಕ್ಕೆ ಅದರ ಪಾಲು ಕೊಡುವುದು.

ಮಕ್ಕಳ ವಿಷಯಕ್ಕೆ ಬರೋಣ. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯಾಗುವಂಥ ಆಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮಲ್ಲಿ ಏನಾಗುತ್ತದೆ? ಹತ್ತನೆಯ ತರಗತಿ ಬಂತೆಂದರೆ ಆಟದ ಪೀರಿಯಡ್ಡನ್ನು ಗಣಿತವೋ ವಿಜ್ಞಾನವೋ ನುಂಗುತ್ತದೆ. ಹೆಣ್ಣುಮಕ್ಕಳಂತೂ ಅದಕ್ಕಿಂತ ಮೊದಲೇ ಮೈದಾನ ಬಿಟ್ಟಿರುತ್ತಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದ ಕರ್ಣಂ ಮಲ್ಲೇಶ್ವರಿ ಇದೇ ರಾಜ್ಯದ ಶ್ರೀಕಾಕುಳಂ ಕಡೆಯ ಹೆಣ್ಣುಮಗಳು. ಒಲಿಂಪಿಕ್ಸ್ ಪದಕ ತಂದ ಮೊದಲ ಭಾರತೀಯ ಮಹಿಳೆ! ಎಲ್ಲರೂ ಮಲ್ಲೇಶ್ವರಿ ಆಗಬೇಕಿಲ್ಲ. ತನ್ನ ಮೈಯಲ್ಲಿ ಎಷ್ಟು ಶಕ್ತಿ ಇದೆ ಎಂದು ಒಮ್ಮೆಯಾದರೂ ಪ್ರತಿ ಮಗುವಿಗೆ ಗೊತ್ತಾಗಲಿ.

ಈ ವೃತ್ತಿಗೆ ಹೋಗುವ ಹುಡುಗ ಹುಡುಗಿಯರಿಗೆ ಎರಡು ಮಾತು. ಒಂದು, ಓದಿ. ಸ್ನಾಯು, ಕೀಲು, ಉಸಿರು, ಆಹಾರ ತಿಳಿಯದೆ ಇನ್ನೊಬ್ಬರ ಬೆನ್ನಿನ ಮೇಲೆ ಭಾರ ಇಡಬೇಡಿ. ಸಕ್ಕರೆ ಕಾಯಿಲೆ, ಬಿ.ಪಿ., ಎದೆನೋವು ಇದ್ದವರನ್ನು ವೈದ್ಯರ ಮಾತು ಕೇಳಿದ ಮೇಲೆಯೇ ಮುಟ್ಟಿ. ಎರಡು, ಆಸೆ ಮಾರಬೇಡಿ. ಒಂದು ತಿಂಗಳಲ್ಲಿ ಮೈ ಕಟ್ಟಿಸುತ್ತೇನೆ ಎಂದು ಡಬ್ಬಿಯ ಪುಡಿ ಕೊಡಿಸುವುದು, ಸ್ಟೀರಾಯ್ಡ್ ಚುಚ್ಚಿಸುವುದು ಮೇಷ್ಟ್ರ ಕೆಲಸವಲ್ಲ. 60 ಕಿಲೋ ತೂಗುವ ಸಾಮಾನ್ಯ ಮನುಷ್ಯನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಸಾಕು. 100 ಗ್ರಾಂ ಶೇಂಗಾದಲ್ಲೇ 25 ಗ್ರಾಂ ಇದೆ, ಒಂದು ಮೊಟ್ಟೆಯಲ್ಲಿ 6 ಗ್ರಾಂ. ನಮ್ಮ ಸೀಮೆಯಲ್ಲಿ ಶೇಂಗಾಕ್ಕೆ ಬರವೇ?

ನಾವು ಶಿಕ್ಷಕರು ಮಾಡಬೇಕಾದದ್ದು ಇಷ್ಟೇ. ಪ್ರಾರ್ಥನೆಯ ನಂತರ ಹತ್ತು ನಿಮಿಷ ಬೈಠಕ್, ಸೂರ್ಯನಮಸ್ಕಾರ, ಹಗ್ಗದಾಟ ಮಾಡಿಸೋಣ. ಖರ್ಚಿಲ್ಲ. ಪ್ರತಿ ಮಗುವಿನ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆಯೋಣ. ಪಕ್ಕದವನ ಜೊತೆ ಹೋಲಿಕೆ ಬೇಡ, ಹೋದ ತಿಂಗಳ ತನ್ನ ಲೆಕ್ಕದ ಜೊತೆಗೇ ಹೋಲಿಕೆ ಇರಲಿ. ಆಟದ ಪೀರಿಯಡ್ಡನ್ನು ಯಾರೂ ಸಾಲ ಕೇಳಬಾರದು, ಯಾರೂ ಕೊಡಬಾರದು. ಮುಂದಿನ ಪಾಲಕರ ಸಭೆಯಲ್ಲಿ ಅಂಕಗಳ ಜೊತೆ ಈ ನೋಟ್‌ಬುಕ್ಕನ್ನೂ ಮುಂದಿಡೋಣ. ನೀವೇನಂತೀರಿ?