ಚೆನ್ನಾಗಿಲ್ಲ ಅಂದವಳ ಪರವಾಗಿ

2025ರ ಅಕ್ಟೋಬರ್ ತಿಂಗಳಲ್ಲಿ ನಾನು ಕೋಲಾರದಲ್ಲಿ ಮನೆಮನೆ ಸುತ್ತಿದೆ. ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕೆಲಸ ನಮ್ಮಂಥ ಶಿಕ್ಷಕರ ಹೆಗಲಿಗೆ ಬಿದ್ದಿತ್ತಲ್ಲ, ಅದಕ್ಕೆ. ಕೈಯಲ್ಲಿ ಮೊಬೈಲು, ಚೀಲದಲ್ಲಿ ನೀರಿನ ಬಾಟಲಿ, ಬಾಯಲ್ಲಿ ಅರವತ್ತು ಪ್ರಶ್ನೆ. ನಾನು ಅರವತ್ತು ಪ್ರಶ್ನೆ ಕೇಳಿ ಮುಗಿಸುವಷ್ಟರಲ್ಲಿ ಮನೆಯವರು ನನಗೆ ತಪ್ಪದೆ ಒಂದು ಪ್ರಶ್ನೆ ಕೇಳುತ್ತಿದ್ದರು: “ಕಾಂತಾರ ನೋಡಿದ್ರಾ ಮೇಡಂ?”

‘ಕಾಂತಾರ ಅಧ್ಯಾಯ 1’ ಅಕ್ಟೋಬರ್ 2ರಂದು ತೆರೆಗೆ ಬಂದಿತ್ತು. 2022ರಲ್ಲಿ ಬಂದ ‘ಕಾಂತಾರ’ದ ಕಥೆಗೂ ಎಷ್ಟೋ ಶತಮಾನ ಹಿಂದಿನ ಕಥೆ ಇದು. ನೋಡಿಲ್ಲ ಎಂದರೆ “ಅಯ್ಯೋ, ಇನ್ನೂ ನೋಡಿಲ್ವಾ!” ಎಂಬ ಮರುಕ. ಸರಿ, ಹೇಗಿದೆ ಎಂದು ನಾನು ಕೇಳಿದರೆ ಎಲ್ಲರದೂ ಒಂದೇ ಉತ್ತರ, “ಸೂಪರ್”. ಏನು ಸೂಪರ್? “ಎಲ್ಲಾ ಸೂಪರ್.” ಯಾವ ಭಾಗ ಹಿಡಿಸಿತು? “ಲಾಸ್ಟಲ್ಲಿ ಮೈ ಜುಂ ಅನ್ನುತ್ತೆ ಮೇಡಂ.” ಅಷ್ಟೇ. ಹತ್ತು ಮನೆ ಸುತ್ತಿದರೂ ಹನ್ನೊಂದನೆಯ ಮಾತು ಸಿಗಲಿಲ್ಲ.

ಒಂದು ಭಾನುವಾರ ನಾನೂ ಹೋಗಿ ನೋಡಿದೆ. ಸುಳ್ಳೇಕೆ ಹೇಳಲಿ, ಕಣ್ಣು ತುಂಬುವ ಚಿತ್ರ. ಅರವಿಂದ್ ಕಶ್ಯಪ್ ಅವರ ಕ್ಯಾಮೆರಾ ತೋರಿಸುವ ಕಾಡು, ರಾಜನ ಬಂದರು, ಓಡುವ ರಥ, ಇವೆಲ್ಲ ನಮ್ಮ ಬಯಲುಸೀಮೆಯ ಕಣ್ಣಿಗೆ ಹಬ್ಬವೇ. ರಿಷಬ್ ಶೆಟ್ಟರು ಮೈಮರೆತು ನಟಿಸಿದ್ದಾರೆ. ಆದರೂ ಹೊರಗೆ ಬಂದಾಗ ನನಗೆ ಮೊದಲ ಚಿತ್ರವೇ ದೊಡ್ಡದು ಅನ್ನಿಸಿತು. ಅದರ ಕೊನೆಯಲ್ಲಿ ದೈವ ಮಾತಿಲ್ಲದೆ ಊರವರ ಕೈಯನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಸೇರಿಸಿ ಎದೆಗೊತ್ತಿಕೊಳ್ಳುತ್ತದೆ. ಆ ಮೌನದಲ್ಲಿ ಇದ್ದದ್ದು ಈ ಅಬ್ಬರದಲ್ಲಿ ಇರಲಿಲ್ಲ. ಹಿಂದಿನ ಕಥೆ ಹೇಳಹೊರಟವರಿಗೆ ಇದೊಂದು ಕಷ್ಟ. ಹರಿಕಥೆ ದಾಸರು ಪೂರ್ವಜನ್ಮದ ವೃತ್ತಾಂತಕ್ಕೆ ಕೈಹಾಕಿದರೆ ಎಲ್ಲದಕ್ಕೂ ಕಾರಣ ಸಿಗುತ್ತದೆ, ಆದರೆ ಕೇಳುವವರ ಬೆರಗು ಅಷ್ಟಷ್ಟೇ ಕರಗುತ್ತದೆ. ಇದು ನನ್ನ ಅಭಿಪ್ರಾಯ. ನಿಮ್ಮದು ಬೇರೆ ಇರಬಹುದು, ಇರಲಿ. ಇರಬೇಕು ಎಂದು ಹೇಳುವುದಕ್ಕೇ ಈ ಬರಹ.

ದೀಪಾವಳಿ ಮುಗಿದು ಶಾಲೆ ತೆರೆದ ಮೇಲೆ ಒಂಬತ್ತನೆಯ ತರಗತಿಗೆ ‘ನಾನು ನೋಡಿದ ಸಿನಿಮಾ’ ಎಂದು ಪ್ರಬಂಧ ಬರೆಯಲು ಕೊಟ್ಟೆ. ಹೆಚ್ಚಿನವು ಮನೆಮನೆಯಲ್ಲಿ ಕೇಳಿದ ‘ಸೂಪರ್’ನ ಪ್ರತಿಗಳೇ. ಒಬ್ಬ ಹುಡುಗಿ ಮಾತ್ರ ಎರಡು ಪುಟ ಬರೆದಿದ್ದಳು. ಮೊದಲ ಸಾಲಿನಲ್ಲೇ ತನಗೆ ಸಿನಿಮಾ ಚೆನ್ನಾಗಿ ಕಾಣಲಿಲ್ಲ ಎಂದು ಹೇಳಿ, ಕಾರಣ ಕೊಟ್ಟಿದ್ದಳು. ರಾಜಕುಮಾರಿ ಕನಕವತಿ ಪ್ರೀತಿ ತೋರಿಸುತ್ತಲೇ ಬಂದು, ಕೊನೆಗೆ ದೈವಗಳನ್ನು ಕಟ್ಟಿಹಾಕಲು ಹೊರಟವರ ಕಡೆಯವಳೆಂದು ತಿಳಿಯುತ್ತದಲ್ಲ, ಅದೇ ಅವಳ ತಕರಾರು. ಅವಳು ಅಪ್ಪ ಹೇಳಿದ್ದಕ್ಕೆ ಹಾಗೆ ಮಾಡಿದಳೋ, ತನಗೇ ಬೇಕಿತ್ತೋ? ಒಂದು ದಿನವಾದರೂ ಅವಳ ಮನಸ್ಸು ಎರಡಾಗಲಿಲ್ಲವೆ? ಮೋಸ ಮಾಡಿದಳು ಎಂದು ಹೇಳಿದರು, ಯಾಕೆ ಮಾಡಿದಳು ಎಂದು ಹೇಳಲಿಲ್ಲ. ಕಡೆಗೆ ಇನ್ನೊಂದು ಪ್ರಶ್ನೆ: ಚಾವುಂಡಿ ಹೆಣ್ಣು ದೈವವಾದರೆ ಗಂಡಸಿನ ಮೈಮೇಲೆ ಯಾಕೆ ಬರುತ್ತದೆ?

ಹದಿನಾಲ್ಕು ವರ್ಷದ ಹುಡುಗಿ! ನನಗೆ ಹೆಮ್ಮೆಯಾಗಿ ತರಗತಿಯಲ್ಲಿ ಓದಿಸಿದೆ. ಅವಳು ಅರ್ಧ ಓದುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ತೆಲುಗೋಳು ಮಿಸ್ ಅವಳು, ಅದಕ್ಕೇ!” ಇಡೀ ತರಗತಿ ನಕ್ಕಿತು. ಹುಡುಗಿ ಪುಸ್ತಕ ಮಡಚಿ ಕೂತಳು.

ನಾನೇನು ಮಾಡಿದೆ ಗೊತ್ತೆ? “ಸೈಲೆನ್ಸ್” ಎಂದು ಮೇಜು ಕುಟ್ಟಿ ಮುಂದಿನ ಪಾಠಕ್ಕೆ ಹೋದೆ. ಮೂವತ್ತು ವರ್ಷ ಪಾಠ ಹೇಳಿದವಳು ಮಾಡಿದ ಕೆಲಸ ಇದು. ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಬುತ್ತಿ ಬಿಚ್ಚಿಕೊಂಡು ನಡೆದದ್ದನ್ನು ಹೇಳಿದಾಗ ಸಹೋದ್ಯೋಗಿಯೊಬ್ಬರು ಅಂದರು, “ಹುಡುಗರು ಹೇಳಿದ್ರಲ್ಲಿ ತಪ್ಪೇನಿದೆ ಮೇಡಂ? ಕನ್ನಡ ಸಿನಿಮಾನ ನಾವೇ ಬೈದ್ರೆ ಹೇಗೆ?” ಆ ಮಾತು ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಇವತ್ತಿಗೂ ಅಲ್ಲೇ ಇದೆ.

ಈ ಮಾತನ್ನು ಬೇರೆ ಜಿಲ್ಲೆಯವರು ಹೇಳಿದರೆ ಹೇಳಿಕೊಳ್ಳಲಿ. ನಾವು ಕೋಲಾರದವರು ಹೇಳಬಹುದೆ? ಮುಳಬಾಗಿಲಿನ ಬಸ್ ನಿಲ್ದಾಣದಲ್ಲಿ ಕನ್ನಡದಲ್ಲಿ ದಾರಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರುತ್ತದೆ, ಇಬ್ಬರಿಗೂ ಅರ್ಥವಾಗುತ್ತದೆ. ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಚೌಕಾಸಿ ಒಂದು ಭಾಷೆಯಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುತ್ತದೆ. ಸಮೀಕ್ಷೆಯಲ್ಲಿ ಮಾತೃಭಾಷೆ ಯಾವುದೆಂದು ಕೇಳಿದಾಗ ಅಜ್ಜಿ ಒಂದು ಹೇಳಿದರೆ ಮೊಮ್ಮಗಳು ಇನ್ನೊಂದು ಹೇಳಿದ ಮನೆಗಳನ್ನು ನಾನು ಕಂಡಿದ್ದೇನೆ. ನಮ್ಮ ಮಾಲೂರು ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರನ್ನೇ ಅಲ್ಲವೆ ನಾವು ಕನ್ನಡದ ಆಸ್ತಿ ಎಂದು ಕರೆದದ್ದು? ಕಾಡಿನ ಜನ, ರಾಜ, ಅಧಿಕಾರಿಗಳ ನಡುವಿನ ಜಗ್ಗಾಟವನ್ನು ಅವರು ‘ಕಾಕನ ಕೋಟೆ’ ನಾಟಕದಲ್ಲಿ ಎಂದೋ ಬರೆದಿಟ್ಟರು. ಸಿ. ಆರ್. ಸಿಂಹ ಅದನ್ನು 1977ರಲ್ಲಿ ಸಿನಿಮಾ ಮಾಡಿದರು. ತಮಿಳು ಮನೆಮಾತಿನವರು ಕಾಡಿನ ಕಥೆಯನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ತೆಲುಗು ಮನೆಮಾತಿನ ಹುಡುಗಿ ಕಾಡಿನ ಕಥೆಯೊಂದು ಹಿಡಿಸಲಿಲ್ಲ ಎಂದು ಕನ್ನಡದಲ್ಲಿ ಬರೆಯಬಾರದೆ? ಎರಡು ಪುಟವನ್ನು ಕಾಗುಣಿತ ತಪ್ಪಿಲ್ಲದೆ ಬರೆದವಳು ಕನ್ನಡಕ್ಕೆ ಹೊರಗಿನವಳು, “ಸೂಪರ್” ಎಂಬ ಒಂದು ಇಂಗ್ಲಿಷ್ ಪದ ಗೀಚಿದವನು ಕನ್ನಡದ ಕಟ್ಟಾಳು. ಯಾವ ಸೀಮೆಯ ನ್ಯಾಯ ಇದು?

ನಮ್ಮ ಅಮ್ಮಂದಿರು ಹೀಗಿರಲಿಲ್ಲ. ನನ್ನ ತಾಯಿ ಓದಿದ್ದು ಏಳನೆಯ ಕ್ಲಾಸು. ಆದರೆ ತ್ರಿವೇಣಿಯವರ ಕಾದಂಬರಿಗಳು ಆಕೆಗೆ ಕಂಠಪಾಠ. ‘ಬೆಳ್ಳಿಮೋಡ’ 1967ರಲ್ಲಿ, ‘ಶರಪಂಜರ’ 1971ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರವಾದಾಗ ಪುಸ್ತಕ ಓದಿದ ಹೆಂಗಸರೆಲ್ಲ ಸೆರಗು ಸಿಕ್ಕಿಸಿಕೊಂಡು ಹೊರಟವರೇ. ನೋಡಿ ಬಂದವರು ಕೂಗಲಿಲ್ಲ, ಮಾತಾಡಿದರು. ಎಷ್ಟೋ ವರ್ಷದ ಮೇಲೂ ಅಮ್ಮ, ಚಿಕ್ಕಮ್ಮ, ಎದುರುಮನೆಯಾಕೆ ಹಪ್ಪಳ ಒತ್ತುತ್ತಾ ಅದೇ ವಾದ ಮಾಡುತ್ತಿದ್ದುದು ನನಗೆ ನೆನಪಿದೆ. ಇಂದಿರಾ ಆ ಮೋಹನನನ್ನು ಕೊನೆಗೆ ಬೇಡವೆಂದದ್ದು ಸರಿಯೆ? ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ನೂಕಿದ್ದು ಗಂಡನೋ, ಊರಿನ ಬಾಯೋ? ಕಲ್ಪನಾಳನ್ನು ಹೊಗಳುತ್ತಲೇ “ಪುಸ್ತಕದಲ್ಲಿ ಓದಿದಾಗ ಆದ ಸಂಕಟ ಬೇರೆ ಕಣೆ” ಎಂದು ಅಮ್ಮ ಅನ್ನುತ್ತಿದ್ದಳು. ಚಿಕ್ಕಮ್ಮ ಒಪ್ಪುತ್ತಿರಲಿಲ್ಲ. ಹಾಗೆಂದು ಯಾರೂ ಯಾರನ್ನೂ ಜಾತಿಯಿಂದ, ಭಾಷೆಯಿಂದ ಹೊರಗೆ ಹಾಕಲಿಲ್ಲ. ಹಪ್ಪಳ ಒಣಗಿತು, ವಾದ ಮರುದಿನಕ್ಕೆ ಉಳಿಯಿತು.

1972ರ ‘ನಾಗರಹಾವು’ ಚಿತ್ರದ ಕಥೆ ನಿಮಗೂ ಗೊತ್ತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ. ಜನ ಮುಗಿಬಿದ್ದು ನೋಡಿದರು, ವಿಷ್ಣುವರ್ಧನ್ ಮನೆಮಾತಾದರು. ಬರೆದ ತ.ರಾ.ಸು. ಅವರು ಮಾತ್ರ ಇದು ನಾಗರಹಾವಲ್ಲ, ಕೇರೆಹಾವು ಎಂದುಬಿಟ್ಟರೆಂಬ ಮಾತು ಪ್ರಸಿದ್ಧ. ಅದರಿಂದ ಚಿತ್ರಕ್ಕೇನಾದರೂ ಕುಂದಾಯಿತೆ? ಇಲ್ಲ. ಜನ ಎರಡನ್ನೂ ಉಳಿಸಿಕೊಂಡರು, ಚಿತ್ರವನ್ನೂ, ಆ ಬೈಗುಳವನ್ನೂ. ಒಳ್ಳೆಯ ಚಿತ್ರ ಬೈಗುಳಕ್ಕೆ ಸಾಯುವುದಿಲ್ಲ.

ಈಗ ನೋಡಿ. ‘ಕಾಂತಾರ’ ಬಿಡುಗಡೆಯಾಗುವ ಮೊದಲೇ, ಚಿತ್ರ ನೋಡುವವರೆಗೆ ಮದ್ಯ ಮಾಂಸ ಮುಟ್ಟಬಾರದು ಎಂಬ ಒಂದು ಪೋಸ್ಟರು ಎಲ್ಲರ ಮೊಬೈಲಿನಲ್ಲಿ ಓಡಾಡಿತು. ಅದಕ್ಕೂ ನಮಗೂ ಸಂಬಂಧವಿಲ್ಲ ಎಂದು ಸ್ವತಃ ರಿಷಬ್ ಶೆಟ್ಟರೇ ಹೇಳಬೇಕಾಯಿತು. ಬಿಡುಗಡೆಯಾದ ಮೇಲೆ ಚಿತ್ರಮಂದಿರಗಳಲ್ಲಿ ಕೆಲವರು ದೈವದ ವೇಷ ಹಾಕಿಕೊಂಡು ಬಂದು ಕೂಗಿ ಕುಣಿದರು. ತುಳುನಾಡಿನ ದೈವಾರಾಧಕರಿಗೆ ಇದರಿಂದ ನೋವಾಯಿತು, ಹೀಗೆ ಮಾಡಬೇಡಿ ಎಂದು ಚಿತ್ರದ ನಿರ್ಮಾಪಕರೇ ಬೇಡಿಕೊಂಡರು. ನವೆಂಬರಿನಲ್ಲಿ ಗೋವಾದ ಚಿತ್ರೋತ್ಸವದ ವೇದಿಕೆಯ ಮೇಲೆ ಹಿಂದಿಯ ರಣವೀರ್ ಸಿಂಗ್ ಚಾವುಂಡಿಯನ್ನು ಹೆಣ್ಣು ದೆವ್ವವೆಂದು ಕರೆದು ಅಣಕು ಮಾಡಿ, ಆಮೇಲೆ ಕ್ಷಮೆ ಕೇಳಿದರು. ಆತ ಚಿತ್ರವನ್ನು ಬೈಯಲು ಹೋದವರಲ್ಲ, ಹೊಗಳಲು ಹೋದವರು! ಯೋಚಿಸಿ: ದೈವಕ್ಕೆ ನೋವಾದದ್ದು ಹೊಗಳುವವರಿಂದ, ಬೈದವರಿಂದಲ್ಲ. ನನ್ನ ಆ ಹುಡುಗಿ ಚಾವುಂಡಿಯನ್ನು ಅಣಕಿಸಲಿಲ್ಲ, ಚಾವುಂಡಿಯ ಬಗ್ಗೆ ಪ್ರಶ್ನೆ ಕೇಳಿದಳು. ಎರಡರಲ್ಲಿ ಯಾವುದು ಭಕ್ತಿಗೆ ಹತ್ತಿರ?

ಈ ಚಿತ್ರದ ಕಥೆ ಯಾವ ಕಾದಂಬರಿಯದೂ ಅಲ್ಲ, ನಿರ್ದೇಶಕರು ಕಟ್ಟಿದ್ದು. ಆದರೆ ಅದು ನಿಂತ ನೆಲ ಪಾಡ್ದನಗಳ ನೆಲ. ಪಾಡ್ದನಗಳು ತುಳುನಾಡಿನವರ ಬಾಯಲ್ಲಿರುವ ಪುಸ್ತಕ. ಅದನ್ನು ಗದ್ದೆಯಲ್ಲಿ ನಾಟಿ ಮಾಡುತ್ತಾ ಹಾಡಿಕೊಂಡು ಬಂದವರು ಹೆಂಗಸರು. ಅದರಲ್ಲಿ ಕಲ್ಲುರ್ಟಿಯ ಕಥೆ ಇದೆ. ಕಾರ್ಕಳದ ಗೊಮ್ಮಟನನ್ನು ಕಡೆದ ಕಲ್ಕುಡನ ಕೈಕಾಲನ್ನು ರಾಜ ಕಡಿಸುತ್ತಾನೆ, ಇನ್ನೊಂದು ಊರಿನಲ್ಲಿ ಅಂಥ ಮೂರ್ತಿ ಏಳಬಾರದು ಎಂದು. ಆಗ ರಾಜನ ಮೇಲೆ ಸೇಡಿಗೆ ನಿಂತವಳು ಆ ಶಿಲ್ಪಿಯ ತಂಗಿ ಕಲ್ಲುರ್ಟಿ, ದೈವವಾದವಳು. ಅವಳು ಯಾಕೆ ಸಿಟ್ಟಾದಳು ಎಂದು ಯಾರೂ ಕೇಳಬೇಕಾಗಿಲ್ಲ, ಕಥೆಯೇ ಹೇಳುತ್ತದೆ. ಕೆಸರಿನಲ್ಲಿ ನಿಂತು ಹಾಡಿದ ಆ ಹೆಂಗಸರು ತಮ್ಮ ಹೆಣ್ಣಿಗೆ ಕಾರಣ ಕೊಟ್ಟರು. ಕನಕವತಿಗೂ ಕಾರಣ ಕೊಡಿ ಎಂದು ನನ್ನ ವಿದ್ಯಾರ್ಥಿನಿ ಕೇಳಿದ್ದು ಅದನ್ನೇ.

ನಮ್ಮ ಮುಳಬಾಗಿಲು ತಾಲ್ಲೂಕಿನ ಆವಣಿ ಬೆಟ್ಟಕ್ಕೆ ಹೋಗಿದ್ದೀರಲ್ಲ? ಕಾಡಿಗೆ ಕಳಿಸಿದ ಸೀತೆ ಲವಕುಶರನ್ನು ಹೆತ್ತದ್ದು ಅಲ್ಲೇ ಎನ್ನುತ್ತಾರೆ. ಅಷ್ಟು ಕಡಿದಾದ ಬಂಡೆ ಹತ್ತಿ ಹೆಂಗಸರು ಕೈಮುಗಿಯುವುದು ಪಟ್ಟಾಭಿಷೇಕದ ಸೀತೆಗಲ್ಲ, ಒಂಟಿಯಾಗಿ ಮಕ್ಕಳನ್ನು ಸಾಕಿದ ಸೀತೆಗೆ. ರಾಮಾಯಣದಂಥ ರಾಮಾಯಣಕ್ಕೇ ಮರುಪ್ರಶ್ನೆ ಕೇಳಿ, ಬೆಟ್ಟದ ಮೇಲೆ ಗುಡಿ ಮಾಡಿಕೊಂಡವರು ನಾವು. ಒಂದು ಸಿನಿಮಾಕ್ಕೆ ಪ್ರಶ್ನೆ ಕೇಳಿದರೆ ದ್ರೋಹವೆ?

“ಸಿನಿಮಾ ಅಂದ್ರೆ ಮನರಂಜನೆ ಮೇಡಂ, ಅಷ್ಟೆಲ್ಲ ಯಾಕೆ ತಲೆ ಕೆಡಿಸಿಕೊಳ್ತೀರಿ” ಎನ್ನುವವರೂ ಇದ್ದಾರೆ. ಅವರಿಗೆ ನಮ್ಮ ಜಿಲ್ಲೆಯದೇ ಉತ್ತರ ಇದೆ. ‘ಕೆ.ಜಿ.ಎಫ್.’ 2018ರಲ್ಲಿ ಬಂತು, ಎರಡನೆಯ ಭಾಗ 2022ರಲ್ಲಿ. ನಾವೂ ಶಿಳ್ಳೆ ಹಾಕಿದೆವು. ಇವತ್ತು ಹೊರಗಿನವರಿಗೆ ಕೆ.ಜಿ.ಎಫ್. ಎಂದರೆ ಬಂದೂಕಿನವರು ಕಾಯುವ ನಾರಾಚಿ, ಅಲ್ಲಿ ನರಳುವ ಗುಲಾಮರು. ಅದು ಕಲ್ಪನೆ ಎಂಬುದು ಸರಿ. ಆದರೆ ನಿಜವಾದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. 1956ರಲ್ಲೇ ಸರ್ಕಾರದ್ದಾಗಿತ್ತು, ಅಲ್ಲಿ ಕಾರ್ಮಿಕ ಸಂಘಗಳಿದ್ದವು, ಮುಷ್ಕರಗಳಾಗಿದ್ದವು. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟವರಿದ್ದರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ, ಅಲ್ಲಿನ ಹೆಣ್ಣುಮಕ್ಕಳು ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಅವರ ಊರಿನ ಹೆಸರು ಲೋಕಪ್ರಸಿದ್ಧವಾಯಿತು, ಅವರು ಮಾತ್ರ ಅದರೊಳಗೆ ಇಲ್ಲ. ನಾವು ಶಿಳ್ಳೆಯ ಜೊತೆ ಒಂದು ಮಾತನ್ನೂ ಸೇರಿಸಿದ್ದರೆ, ನಮ್ಮ ಮಕ್ಕಳಿಗಾದರೂ ಎರಡೂ ತಿಳಿಯುತ್ತಿತ್ತು. ಕೂಗಿನಿಂದ ಕಲೆಕ್ಷನ್ ಬೆಳೆಯುತ್ತದೆ, ತಿಳಿವಳಿಕೆ ಬೆಳೆಯುವುದು ಮಾತಿನಿಂದ.

ಚಿತ್ರ ಮಾಡುವವರ ಮೇಲೆ ನನಗೆ ಸಿಟ್ಟಿಲ್ಲ. ಕಷ್ಟಪಟ್ಟು ಮಾಡುತ್ತಾರೆ, ನಾವು ದುಡ್ಡು ಕೊಟ್ಟು ನೋಡುತ್ತೇವೆ. ಸಿಟ್ಟಿರುವುದು ನೋಡುವ ನಮ್ಮ ಮೇಲೆ, ಮೊದಲು ನನ್ನ ಮೇಲೆ. ಮೇಜು ಕುಟ್ಟಿ ಪಾಠಕ್ಕೆ ಹೋದವಳು ನಾನೇ ಅಲ್ಲವೆ? ಆ ದಿನ ಆ ಹುಡುಗಿ ಕಲಿತದ್ದೇನು? ಮನಸ್ಸಿಗೆ ಬಂದದ್ದನ್ನು ಹೇಳಿದರೆ ನಗುತ್ತಾರೆ, ಟೀಚರೂ ಸುಮ್ಮನಿರುತ್ತಾರೆ ಎಂದು. ಸಿನಿಮಾದ ವಿಷಯದಲ್ಲಿ ಬಾಯಿ ಮುಚ್ಚಲು ಕಲಿತ ಹುಡುಗಿ ನಾಳೆ ತನ್ನ ಮದುವೆಯ ಮಾತು ಬಂದಾಗ “ನನಗೆ ಹಿಡಿಸಲಿಲ್ಲ” ಎಂದು ಹೇಳುತ್ತಾಳೆಯೆ?

ಎರಡು ದಿನ ನಿದ್ದೆ ಸರಿಬರಲಿಲ್ಲ. ಮೂರನೆಯ ದಿನ ಅದೇ ತರಗತಿಗೆ ಹೋಗಿ, ಎಲ್ಲರ ಮುಂದೆ ಅವಳಿಗೆ “ಆವತ್ತು ನಾನು ಸುಮ್ಮನಿದ್ದದ್ದು ತಪ್ಪಾಯ್ತಮ್ಮ” ಎಂದೆ. ಮತ್ತೆ ಓದಿಸಿದೆ. ಈ ಸಲ ಒಂದು ಷರತ್ತು ಹಾಕಿದೆ: ಒಪ್ಪದವರು ಕಾರಣ ಕೊಟ್ಟು ಮಾತಾಡಬೇಕು, ಅವಳ ಮನೆಯ ವಿಷಯ ತೆಗೆಯುವ ಹಾಗಿಲ್ಲ. ಮೊದಲು ಯಾರೂ ಏಳಲಿಲ್ಲ. ಆಮೇಲೆ ಆ ಹಿಂದಿನ ಬೆಂಚಿನವನೇ ಎದ್ದ. “ಮೊದಲೇ ಹೇಳಿಬಿಟ್ರೆ ಕೊನೇಲಿ ಮಜಾ ಇರಲ್ಲ ಮಿಸ್, ಅದಕ್ಕೇ ಮುಚ್ಚಿಟ್ಟಿದ್ದಾರೆ” ಎಂದ. ಒಳ್ಳೆಯ ಮಾತೇ. “ಕೊನೆಯಲ್ಲಾದರೂ ಹೇಳಬಹುದಿತ್ತಲ್ಲ?” ಎಂದಳು ಇವಳು. ಅವನು ತಲೆ ಕೆರೆದುಕೊಂಡ. ಕೋಲದಲ್ಲಿ ಹೆಣ್ಣು ದೈವಕ್ಕೂ ಗಂಡಸರೇ ವೇಷ ಕಟ್ಟುವ ಪದ್ಧತಿಯನ್ನು ನನಗೆ ತಿಳಿದಷ್ಟು ನಾನು ಹೇಳಿದೆ. ಪೀರಿಯಡ್ ಮುಗಿದ ಗಂಟೆ ಹೊಡೆದರೂ ಮಾತು ನಿಲ್ಲಲಿಲ್ಲ.

ನೀವೂ ಮನೆಯಲ್ಲಿ ಒಂದು ಕೆಲಸ ಮಾಡಿ. ಮಗನೋ ಮಗಳೋ ಸಿನಿಮಾ ನೋಡಿ ಬಂದು “ಸೂಪರ್” ಎಂದಾಗ, ಒಲೆ ಸಣ್ಣ ಮಾಡಿ, “ಯಾಕೆ?” ಎಂದು ಕೇಳಿ. “ಚೆನ್ನಾಗಿಲ್ಲ” ಎಂದರೂ ಅದನ್ನೇ ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಸಾರು ಐದು ನಿಮಿಷ ತಡವಾದರೆ ಯಾರ ಗಂಟೂ ಹೋಗುವುದಿಲ್ಲ.